ನಕ್ಷತ್ರಲೋಕ ಗೆಲ್ಲಬೇಕಂತ ಕುಂತಾಗ

ರಿಪೇರಿ ದುಕಾನ ಇಟ್ಟವನ ಹಣೆಬರಹನೇ ಹಿಂಗ್ರಿ. ಕೆಟ್ಟ ಸಾಮಾನು ಮುಂದಿನ ಬಾಗಿಲಿಂದ ಬರ್ತದ, ನಗೆಪಾಟಲು ಅದರ ಬೆನ್ನಿಗೇ ಬರ್ತದ. ಜಹೀರಾಬಾದ್ ಬಜಾರದಾಗ ಇಪ್ಪತ್ತು ವರ್ಷ ರೇಡಿಯೋ, ಟಿವಿ ಬಿಚ್ಚಿ ಕಟ್ಟಿದವ ನಾನು. ಎಷ್ಟು ನೋಡೀನಂತೀರಿ! ಆದ್ರ ಎಂಬತ್ತರ ದಶಕದ ಕೊನೀಗಿ ಬಂದ ಆ ಕಂಪ್ಯೂಟರ್ ನನಗ ಕುಣಿಸಿದಷ್ಟು ಯಾವುದೂ ಕುಣಿಸಿಲ್ಲ.

ದುಬೈದಾಗ ಡ್ರೈವರ್ ಇದ್ದವನೊಬ್ಬ ರಜಾಕ್ಕ ಬಂದಾಗ ಅದನ್ನ ತಂದಿದ್ದ. ಹಲಗಿ ಅಷ್ಟಗಲ, ಟಿವಿಗಿ ಜೋಡಿಸಬೇಕು, ಟೇಪಿನ ಕ್ಯಾಸೆಟ್ ಹಚ್ಚಬೇಕು. ಆಗ ಆಟ ಬರ್ತದ. ವಾಯರ್ ಕಿತ್ತಿತ್ತು. "ದುರಸ್ತಿ ಮಾಡಿಡ್ರಿ ಉಸ್ತಾದ್, ತಿಂಗಳಿಗಿ ಬಂದು ಒಯ್ತೀನಿ" ಅಂತ ಹೇಳಿ ಬಾಂಬೆಗಿ ಹೋದ. ವಾಯರ್ ಹತ್ತು ನಿಮಿಷದಾಗ ಕೂಡಿಸಿದೆ. ಆಟ ಆಡಿ ನೋಡ್ದೆ, ಸೋತೆ. ಇನ್ನೊಮ್ಮೆ ಆಡ್ದೆ, ಮತ್ತ ಸೋತೆ.

ನನ್ನ ದುಕಾನಕ್ಕ ಬಂದ ಯಾವ ಮಶೀನೂ ನನಗ ಸೋಲಿಸಿ ಹೊರಗ ಹೋಗಿಲ್ರಿ! ಮಾಲಕ ಬರೂದ್ರೊಳಗ ಒಮ್ಮೆನಾದ್ರೂ ಇದನ್ನ ಗೆಲ್ಲಬೇಕು ಅಂತ ಜಿದ್ದಿಗಿ ಬಿದ್ದೆ.

೧. ರೊಟ್ಟಿ

ಆಟ ಏನಂದ್ರ, ಕಪ್ಪು ಆಕಾಶದಾಗ ಮೂವತ್ತು ಚುಕ್ಕಿ. ನಮ್ಮವು ನೀಲಿ, ವೈರಿವು ಕೆಂಪು, ಉಳಿದವು ಬಿಳಿ. ಒಂದೊಂದು ಚುಕ್ಕಿ ಹಿಡೀಬೇಕು, ಅಲ್ಲಿ ಕಬ್ಬಿಣ ಅಗದು ಜಹಾಜ ಕಟ್ಟಬೇಕು, ಮುಂದಿನ ಚುಕ್ಕಿಗಿ ಕಳಸಬೇಕು. ಎಲ್ಲಾ ಮೂವತ್ತೂ ನೀಲಿ ಆದ್ರ ಗೆದ್ದಂಗ.

ಮೊದಲ ವಾರ ಹತ್ತು ಚುಕ್ಕಿ ಹಿಡದೆ. ಎದಿ ಉಬ್ಬಿತು. ದುಕಾನದ ಹಿಂದಿನ ಮನಿಯಿಂದ ಹೆಂಡತಿ ಊಟಕ್ಕ ಕರದಳು, ಹೋದೆ. ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು, ಕೈ ತೊಳಕೊಂಡು ಬಂದು ನೋಡ್ತೀನಿ, ಒಂದೂ ನೀಲಿ ಇಲ್ಲ!

ನಾ ಚೌಕಾಬಾರ ಆಡಿ ಬೆಳದವ. ಒಬ್ಬವ ಉಣ್ಣಾಕ ಎದ್ರ ಇನ್ನೊಬ್ಬವ ಕವಡಿ ಕೆಳಗಿಟ್ಟು ಕಾಯ್ತಾನ. ಇದರಾಗ ಪಾಳಿನೇ ಇಲ್ಲ, ಗಡಿಯಾರ ನಿಲ್ಲಾಂಗೇ ಇಲ್ಲ. ಸಿಟ್ಟಿಗೆದ್ದು ಹೆಂಡತಿಗಿ ಅಂದೆ, "ಮನುಷ್ಯ ಉಣ್ಣೂ ಹೊತ್ತಿನಾಗ ಬಡಿಯೋದು ಯಾವ ಧರ್ಮ?"

ಆಕಿ ತಾಟು ಎತ್ತಿಕೋತ ಅಂದಳು, "ಮೂರನೇ ರೊಟ್ಟಿ ನೀವೇ ಕೇಳಿದ್ರಿ. ಎರಡಕ್ಕ ಎದ್ದಿದ್ರ ಅರ್ಧ ರಾಜ್ಯನಾದ್ರೂ ಉಳೀತಿತ್ತು."

೨. ಪಂಚನಾಮಾ

ಮೊಗುಡಂಪಲ್ಲಿ ಕಡೀಲಿಂದ ಹಿಂದ ಜಮೀನಿನ ಲೆಕ್ಕ ಬರೀತಿದ್ದ ಒಬ್ಬರು ಪಟವಾರಿ ಸಾಹೇಬ್ರು ರೇಡಿಯೋ ತಗೊಂಡು ಬಂದ್ರು. ಪಟವಾರಿಕಿ ಹೋಗಿ ವರ್ಷಗಳಾಗಿದ್ವು, ಗತ್ತು ಹೋಗಿರಲಿಲ್ಲ. ನಾ ಒಂದು ಬಿಳಿ ಚುಕ್ಕಿ ಹಿಡೀಲಿಕತ್ತಿದ್ದೆ.

"ನಿಲ್ರಿ! ಈ ಚುಕ್ಕಿ ಮೊದಲ ಯಾರ ಕಬ್ಜಾದಾಗಿತ್ತು?"

"ಯಾರ್ದೂ ಅಲ್ರಿ ಸಾಹೇಬ್ರ, ಖಾಲಿ ಅದ."

"ಖಾಲಿ ಜಾಗಾ ಅಂತ ಜಗತ್ತಿನಾಗ ಎಲ್ಲೂ ಇಲ್ಲ. ಸರ್ಕಾರಿ ಇದ್ದೇ ಇರ್ತದ. ಪಂಚನಾಮಾ ಇಲ್ಲದ ಕಬ್ಜಾ ನಾಳೆ ಕೋರ್ಟಿನಾಗ ನಿಲ್ಲಾಂಗಿಲ್ಲ. ಕೈ ತಗೀರಿ."

ಮೂವತ್ತು ವರ್ಷ ಅವರ ದನಿಗಿ ಊರೇ ಅಂಜಿತ್ತು. ನಾನೂ ಕೈ ತಗದೆ. ಬಾಜೂಕಿನ ಚಾದಂಗಡಿಯವ, ದರ್ಜಿ, ನಾನು, ಎಲ್ಲಾರ್ನೂ ಸಾಕ್ಷಿ ನಿಲ್ಲಿಸಿದ್ರು. ಕಾಗದ ತಗದು ನಾಲ್ಕೂ ದಿಕ್ಕಿನ ಚಕ್‌ಬಂದಿ ಬರದ್ರು. ಮೂಡಲಕ್ಕ ಕೆಂಪು ಚುಕ್ಕಿ, ಪಡುವಲಕ್ಕ ಕತ್ತಲಿ, ತೆಂಕಲಕ್ಕ ಟಿವಿಯ ಗುಂಡಿ, ಬಡಗಲಕ್ಕ ನಮ್ಮ ನೀಲಿ ಚುಕ್ಕಿ. ದರ್ಜಿ ಸಹಿ ಹಾಕೂದ್ರಾಗ ಕೆಂಪು ಜಹಾಜಗಳು ಇರುವಿ ಸಾಲಿನಂಗ ಬಂದ್ವು.

"ಸಾಹೇಬ್ರ, ಎಲ್ಲಾ ಹೋಗಲಿಕತ್ತದ್ರಿ! ಒಂಬತ್ತು ಹೋದ್ವು!" ಅಂತ ಒದರಿದೆ.

ಅವರು ಪೆನ್ನಿನ ಟೊಪಗಿ ಮುಚ್ಚಿ ಸಾವಕಾಶ ಅಂದ್ರು, "ಒಯ್ಯಲಿ ಬಿಡ್ರಿ. ಕಾಗದ ನಮ್ಮ ಕಡಿ ಅದ."

೩. ಲೈನ್‌ಮನ್

ನಮ್ಮಲ್ಲಿ ಮಧ್ಯಾಹ್ನ ಎರಡಕ್ಕ ಕರೆಂಟ್ ಹೋಗ್ತಿತ್ತು. ಹೋದ್ರ ರಾಜ್ಯನೂ ಹೋದಂಗೇ. ಒಂದಿನ ಇಪ್ಪತ್ತೆರಡು ಚುಕ್ಕಿ ಕೈಯಾಗಿದ್ವು. ನಮ್ಮ ಲೈನ್‌ಮನ್‌ಗ ಚಾ ಕುಡಿಸಿ ಕೈ ಮುಗದೆ. "ಅಣ್ಣಾ, ಅರ್ಧ ತಾಸು ತಡಿ. ಲಡಾಯಿ ನಡದದ."

ಭಾಳ ಒಳ್ಳೆ ಮನುಷ್ಯ ಅವ. ಎರಡು ಬಡೀತು, ಕರೆಂಟ್ ಹೋಗಲಿಲ್ಲ. ಲಡಾಯಿ ಹ್ಯಾಂಗದ ನೋಡಬೇಕಂತ ತಾನೇ ದುಕಾನಕ್ಕೂ ಬಂದ. ಸ್ಟೂಲ್ ಎಳಕೊಂಡ, ಬೆವರು ಒರಸಿಕೊಂಡ, "ಏನು ಸೆಕಿನಪ್ಪಾ!" ಅಂದ. ಗ್ವಾಡಿಮ್ಯಾಗಿನ ಪ್ಲಗ್ ಕಿತ್ತು ಟೇಬಲ್ ಫ್ಯಾನ್ ಹಚ್ಚಿದ.

ಟಿವಿ ಕರ್ರಗಾತು.

ನನ್ನ ಮಾರಿ ನೋಡಿ ಅವಗ ಬ್ಯಾಸರಾತು. "ಯಾಕ್ರಿ ಹಿಂಗ್ ನೋಡ್ತೀರಿ? ನಿಮ್ಮ ಸಲುವಾಗಿ ಇಡೀ ಊರಿನ ಲೈನ್ ಚಾಲೂ ಬಿಟ್ಟೀನಿ, ನನಗ ಒಂದು ಫ್ಯಾನಿನ ಗಾಳಿ ಇಲ್ಲೇನು?"

೪. ಟೀಚರಮ್ಮ

ಡ್ರೈವರ್‌ನ ಕಾಗದ ಬಂತು, ನಾಳೆ ಬರ್ತೀನಂತ. ನನಗ ಉಳದದ್ದು ಒಂದೇ ಹಗಲು. ಮಧ್ಯಾಹ್ನ ಎರಡೂವರಿಗಿ ಕರೆಂಟ್ ತಿರುಗಿ ಬಂದ ಕೂಡ್ಲೆ ಕುಂತೆ. ಉಣಲಿಲ್ಲ, ಗಿರಾಕಿಗಿ ಮಾತಾಡಲಿಲ್ಲ, ಬಾಗಿಲ ಅರ್ಧ ಮುಚ್ಚಿದೆ. ಒಂದು ತಾಸಿನಾಗ ಇಪ್ಪತ್ತೆಂಟು ನೀಲಿ!

ಅಷ್ಟರಾಗ ಬಾಗಿಲ ದೂಡಿ ಟೀಚರಮ್ಮ ಒಳಗ ಬಂದ್ರು. ಈಗ ನಿಮಗ ಒಂದು ಖರೇ ಮಾತು ಹೇಳಬೇಕು. ನಾ ಆಡೂ ಟಿವಿ ನಂದಲ್ಲ, ಅವರ್ದು. ರಿಪೇರಿಗಿ ಕೊಟ್ಟಿದ್ರು. "ಪಾರ್ಟ್ ಇನ್ನಾ ಹೈದರಾಬಾದಿಂದ ಬಂದಿಲ್ರಿ" ಅಂತ ಅವರಿಗಿ ಮೂರು ಸಲ ಸುಳ್ಳು ಹೇಳಿದ್ದೆ.

ಟೀಚರಮ್ಮ ಬೆಳಗಲಿಕತ್ತಿದ್ದ ಟಿವಿ ನೋಡಿದ್ರು, ನನಗ ನೋಡಿದ್ರು.

"ಪಾರ್ಟ್ ಬಂತೇನ್ರಿ?"

"ಟೆಸ್ಟಿಂಗ್ ನಡದದ್ರಿ" ಅಂದೆ.

"ಸಂಜಿ ನಾಲ್ಕಕ್ಕ ನಾರಾಯಣಖೇಡದವ್ರು ನನ್ನ ಮಗಳಿಗಿ ನೋಡಾಕ ಬರ್ತಾರ. ಟಿವಿ ಕೊಡ್ರಿ."

"ಅಮ್ಮಾ, ನಿಮ್ಮ ಕಾಲಿಗಿ ಬೀಳ್ತೀನಿ. ಎರಡೇ ಚುಕ್ಕಿ ಉಳದಾವ. ನಾಳೆ ಈ ಕಂಪ್ಯೂಟರ್ ಒಯ್ತಾರ್ರಿ. ಹಿಂಗ ಸೋತು ಕೊಟ್ರ ನಾ ಮತ್ತ ಸ್ಕ್ರೂಡ್ರೈವರ್ ಹಿಡಿಯಾಂಗಿಲ್ಲ!"

ಅವರು ಗಡಿಯಾರ ನೋಡಿಕೊಂಡು ಕುಂತ್ರು. ನನ್ನ ಸಾವಕಾಶ ನೋಡಿ ಅವರಿಗಿ ತಡಕೊಳ್ಳಾಕ ಆಗಲಿಲ್ಲ. ಒಂದೇ ನಿಮಿಷಕ್ಕ ಬಾಯಿ ಬಿಟ್ರು, "ಅಲ್ರಿ, ಅಲ್ಲಿ ಮೂಲ್ಯಾಗ ಅಷ್ಟು ಜಹಾಜ ಸುಮ್ಮ ನಿಲ್ಸೀರಿ, ಯಾರ ಲಗ್ನಕ್ಕ? ಎಲ್ಲಾ ಒಮ್ಮಿಗೇ ನುಗ್ಗಸ್ರಿ!"

"ನಮ್ಮ ಚುಕ್ಕಿ ಕಾಯಾಕ ಬೇಕಲ್ರಿ..."

"ಕಾಯೋದು ಬ್ಯಾಡ, ಬಡೀರಿ! ನಾಲ್ಕಕ್ಕ ಮಂದಿ ಬರ್ತಾರ!"

ಅಂಜಿಕಿಗಿ ಎಲ್ಲಾ ಜಹಾಜ ಬಿಟ್ಟೆ. ಒಂದು ಕೆಂಪು ಹೋತು. ಇನ್ನೊಂದೂ ಹೋತು. ಟಿವಿ ತುಂಬ ಇಂಗ್ಲಿಷ್ ಅಕ್ಷರ ಮೂಡಿದ್ವು. ಟೀಚರಮ್ಮ ಕನ್ನಡಕ ಏರಿಸಿ ಪಾಠ ಓದಿದಂಗ ಅರ್ಥ ಹೇಳಿದ್ರು, "ಸಮ್ರಾಟರೇ, ಇಡೀ ನಕ್ಷತ್ರಲೋಕ ನಿಮ್ಮದು."

ನನ್ನ ಕಣ್ಣಾಗ ನೀರು ಬಂತ್ರಿ, ಸುಳ್ಳಲ್ಲ. ಅವರು ಕನ್ನಡಕ ಚೀಲದಾಗ ಇಟ್ಟು ಎದ್ರು. "ಛಲೋ ಆತು. ಸಮ್ರಾಟರು ಈಗ ಟಿವಿ ಎತ್ಕೋರಿ. ರಿಕ್ಷಾಕ್ಕ ಕಾಯಾಕ ಹೊತ್ತಿಲ್ಲ."

ತಲಿಮ್ಯಾಲ ಟಿವಿ ಹೊತ್ಕೊಂಡು ಬಜಾರದಾಗ ಟೀಚರಮ್ಮನ ಹಿಂದ ನಡದೆ. ಚಾದಂಗಡಿಯವ ಕೇಳಿದ, "ಏನಮ್ಮಾ, ಅಂತೂ ಟಿವಿ ರಿಪೇರಿ ಆತು?"

ಟೀಚರಮ್ಮ ನಿಲ್ಲದೇ ಉತ್ತರ ಕೊಟ್ರು, "ಟಿವಿ ಆಗಿ ತಿಂಗಳಾತಪ್ಪಾ. ಇವರ್ದು ಲೋಕ ಗೆಲ್ಲೋದೊಂದು ಬಾಕಿ ಇತ್ತು, ಅದನ್ನ ನಾನೇ ಮಾಡಿಸಿಕೊಂಡು ಬಂದೆ."