ತೆಗ್ಗಿನಕೊಪ್ಪಕ್ಕೆ ವಸ್ತಿ ಬಸ್ ಬಂದದ್ದು

ಮಲಕಾಜಪ್ಪನಿಗೆ ಈ ಜಗತ್ತಿನಲ್ಲಿ ಯಾರ ಮೇಲೂ ದ್ವೇಷವಿರಲಿಲ್ಲ, ಬೆಳಗಿನ ಐದು ಗಂಟೆಯೊಂದನ್ನು ಬಿಟ್ಟು. ಮಗಳು ರಾಣಿ ಬೈಲಹೊಂಗಲದ ಕಾಲೇಜು ಸೇರಿದಂದಿನಿಂದ ಆ ಹೊತ್ತಿಗೆ ಏಳುವುದು ಅವನ ಪಾಲಿಗೆ ಬಂದಿತ್ತು. ದೊಡವಾಡದ ಕಡೆಯಿಂದ ಬರುವ ಬಸ್ಸು ತೆಗ್ಗಿನಕೊಪ್ಪದ ಒಳಗೆ ಕಾಲಿಡುತ್ತಿರಲಿಲ್ಲ. ಊರಿನಿಂದ ದೂರವಿದ್ದ ಕ್ರಾಸಿನಲ್ಲಿ, ಅದೂ ಮನಸ್ಸು ಬಂದರೆ ಮಾತ್ರ, ನಿಲ್ಲುತ್ತಿತ್ತು. ಒಂದು ಹೋದರೆ ಮುಂದಿನದಾದರೂ ಸಿಗಲಿ ಎಂದು ನಸುಕಿನಲ್ಲೇ ಹೋಗಿ ಕಾಯಬೇಕು. ತಲೆಗೆ ಮಫ್ಲರ್ ಸುತ್ತಿಕೊಂಡು ಅರ್ಧ ಕಣ್ಣು ಮುಚ್ಚಿಯೇ ಬೈಕ್ ಹೊಡೆಯುತ್ತಿದ್ದ ಅಪ್ಪನನ್ನು ಹಿಂದೆ ಕುಳಿತ ರಾಣಿ ಆಗಾಗ ಚಿವುಟಿ ಎಬ್ಬಿಸುತ್ತಿದ್ದಳು.

ಹೋದ ವಾರ ಒಂದರ ಹಿಂದೊಂದು ಬಸ್ಸು ನಿಲ್ಲದೆ ಹೋಗಿ ರಾಣಿಗೆ ಪರೀಕ್ಷೆಯೊಂದು ತಪ್ಪಿತು. ಅವತ್ತು ಹೆಂಡತಿ ಶಟ್ಟೆವ್ವ ಕಡ್ಡಿ ಮುರಿದಂತೆ ಹೇಳಿದಳು.

"ಊರಾಗ ಬಸ್ ಬರಲಿಲ್ಲಂದ್ರ ಇನ್ನ ನೀವ ದಿನಾ ಬೈಲಹೊಂಗಲತನಾ ಬಿಟ್ಟು ಬರ್ರಿ. ಹುಡುಗಿ ಕಾಲೇಜ್ ಬಿಡಸಾಕ ನಾ ಒಪ್ಪಂಗಿಲ್ಲ."

ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ, ಬೈಲಹೊಂಗಲಕ್ಕೆ ಬಿಟ್ಟು ಬರಬೇಕೆಂದರೆ ನಾಲ್ಕಕ್ಕೇ ಏಳಬೇಕು. ನಾಲ್ಕು ಗಂಟೆ! ಮಲಕಾಜಪ್ಪನ ಜೀವ ಝಲ್ಲೆಂದಿತು. ಅಷ್ಟರಲ್ಲಿ, ಕುಡಿಯುವ ನೀರಿನ ಘಟಕ ಉದ್ಘಾಟಿಸಲು ಶಾಸಕ ಗೌರೀಶ ಸಾಹೇಬರು ಊರಿಗೆ ಬರುತ್ತಾರೆಂಬ ಸುದ್ದಿ ಬಂತು. ಅವರ ಕಿವಿಗೆ ಬಸ್ಸಿನ ಮಾತು ಹಾಕಿಯೇ ತೀರುವುದೆಂದು ಅವನು ನಿರ್ಧರಿಸಿದ.

ಶಾಸಕರು ಬಂದ ದಿನ ಊರ ಬಾಗಿಲಲ್ಲೇ ಪಂಚಾಯಿತಿ ಅಧ್ಯಕ್ಷೆ ಬಾಯವ್ವ ಅವನನ್ನು ತಡೆದಳು. ಅವನ ಮುಖ ನೋಡಿಯೇ ಅವಳಿಗೆ ವಾಸನೆ ಹತ್ತಿತ್ತು.

"ಮಲಕಾಜಪ್ಪ, ಬಸ್ಸಿನ ಸುದ್ದಿ ಹೇಳಾಕ ಬಂದಿ ಹೌದಲ್ಲೋ? ಹೇಳೀಯಂತ. ಆದ್ರ ಉಣ್ಣೂ ಅತಿಥಿ ಮುಂದ ತಕರಾರು ಹೇಳೂದು ನಮ್ಮೂರ ರೀತಿ ಅಲ್ಲ. ಊಟ ಮುಗೀಲಿ, ಆಮ್ಯಾಲ ಹೇಳು."

ಈ ಮಾತಿನಲ್ಲಿ ಏನೂ ತಪ್ಪಿರಲಿಲ್ಲ. ತಪ್ಪಿದ್ದದ್ದು ಊಟದಲ್ಲಿ, ಅದು ಮುಗಿಯಲೇ ಇಲ್ಲ.

ಘಟಕದ ರಿಬ್ಬನ್ ಕತ್ತರಿಸಿದ್ದೇ ತಡ, ಶಾಸಕರ ತಲೆಗೆ ಕೆಂಪು ಪೇಟ ಏರಿತು, ಹೆಗಲಿಗೆ ಜರಿ ಶಾಲು ಬಿತ್ತು, ಕೊರಳಿಗೆ ಗಲ್ಲದವರೆಗೆ ಚೆಂಡುಹೂವಿನ ಹಾರ ಬಂತು. ಅಲ್ಲಿಂದ ನೇರ ಬಾಯವ್ವನ ಮನೆಗೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು. ಶಾಸಕರು ಕೈ ತೊಳೆದು ಡರ್ರೆಂದು ತೇಗಿದ್ದನ್ನು ಕಂಡು ಮಲಕಾಜಪ್ಪ ಮುಂದೆ ಬಂದು ಕೈ ಮುಗಿದ.

"ಸಾಹೇಬ್ರ, ನಮ್ಮೂರ ಬಸ್—"

"ಸಾಬ್ರ, ನಮ್ಮ ಮನ್ಯಾಗ ಶ್ಯಾವಗಿ ಆರಾಕತ್ತಾವ್ರಿ!" ಎಂದು ಪೆಂಡಾಲಿನ ಮಹಮ್ಮದಗೌಸ ನಡುವೆ ನುಗ್ಗಿದ. ಊರ ಮದುವೆಗಳಿಗೆಲ್ಲ ಪೆಂಡಾಲ್ ಹಾಕಿ ಮೈಕ್ ಕಟ್ಟುವ ಅವನ ಸಾದಾ ಮಾತೂ ಮೈಕಿನಲ್ಲಿ ಬಂದಂತೆಯೇ ಕೇಳುತ್ತಿತ್ತು.

ಮಹಮ್ಮದಗೌಸನ ಮನೆಯಲ್ಲಿ ಅವನ ತಾಯಿ ಮಕ್ತುಮಬಿ ತುಪ್ಪ, ದ್ರಾಕ್ಷಿ, ಗೋಡಂಬಿ ಹಾಕಿದ ಶ್ಯಾವಿಗೆಯನ್ನು ದೊಡ್ಡ ಬಟ್ಟಲ ತುಂಬ ಸುರಿದು ಶಾಸಕರ ಎದುರಿಗೇ ಕುಳಿತಳು. ಬಟ್ಟಲು ತಳ ಕಾಣಿಸಿದ ಕೂಡಲೇ ಮಲಕಾಜಪ್ಪ ಮತ್ತೆ ಬಾಯಿ ತೆರೆದ.

"ಸಾಹೇಬ್ರ, ನಮ್ಮ ಹುಡುಗ್ಯಾರು ಕ್ರಾಸಿನ್ಯಾಗ—"

"ಏ ಭಾಡ್ಯಾ, ಉಣ್ಣಾವರನ್ನ ಮಾತಾಡಸ್ತಾರೇನು? ಗಂಟಲಾಗ ಸಿಕ್ಕೊಂಡ್ರ?" ಎಂದು ಮಕ್ತುಮಬಿ ಗದರಿ, ಖಾಲಿಯಾಗಿದ್ದ ಬಟ್ಟಲಿಗೆ ಮತ್ತೊಂದು ಸೌಟು ಹಾಕಿದಳು.

ಹಾಗೆಯೇ ಇನ್ನೂ ಹಲವು ಮನೆಗಳಾದವು. ಒಂದು ಕಡೆ ಹೋಳಿಗೆ, ಇನ್ನೊಂದು ಕಡೆ ಮಂಡಕ್ಕಿ ಮಿರ್ಚಿ, ಮತ್ತೊಂದು ಕಡೆ ಬರೇ ಚಹಾ ಎಂದು ಕರೆದು ಉಂಡಿ ಇಟ್ಟರು. ಮತದಾರರ ಮನೆಯ ತಾಟನ್ನು ಬೇಡ ಎನ್ನುವ ಧೈರ್ಯ ಯಾವ ಶಾಸಕನಿಗಿದೆ? ಪಾಪ, ಆ ಮನುಷ್ಯ ಒಳ್ಳೆಯವರೇ. ಕುರ್ತಾದ ಗುಂಡಿ ಬಿಚ್ಚಿಕೊಂಡು, ಬೆವರು ಒರೆಸಿಕೊಳ್ಳುತ್ತ ತಿಂದೇ ತಿಂದರು. ಮಲಕಾಜಪ್ಪ ನೆರಳಿನಂತೆ ಹಿಂದೆ ಸುತ್ತಿದ. ಅವನು ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ತಾಟು ಹಿಡಿದು ನಡುವೆ ಬಂದರು. ಕೊನೆಗೆ ಶಾಸಕರು ಗಡಿಯಾರ ನೋಡಿ, ಬೈಲಹೊಂಗಲದಲ್ಲಿ ಮೀಟಿಂಗ್ ಇದೆಯೆಂದು ಕಾರು ಹತ್ತಿಯೇ ಬಿಟ್ಟರು. ಮಲಕಾಜಪ್ಪನ ಕಣ್ಣ ಮುಂದೆ ನಾಲ್ಕು ಗಂಟೆಯ ಕತ್ತಲು ಕವಿಯಿತು.

ಆದರೆ ಅವನ ದೈವ ಅವತ್ತು ಕಬ್ಬಿನ ರೂಪದಲ್ಲಿ ಬಂತು. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊರಟಿದ್ದ ಟ್ರ್ಯಾಕ್ಟರೊಂದು, ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಊರ ಬಾಗಿಲ ತಿರುವಿನಲ್ಲಿ ಅಡ್ಡಡ್ಡ ಸಿಕ್ಕಿಬಿದ್ದಿತ್ತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಗಟಾರ. ಕಾರು ಹೋಗುವ ಮಾತೇ ಇಲ್ಲ. ಬೈಕು ಮಾತ್ರ ನುಸುಳಬಹುದು.

"ಸಾಹೇಬ್ರ, ನನ್ನ ಗಾಡಿ ಹತ್ತರಿ!" ಎಂದು ಮಲಕಾಜಪ್ಪ ಕಿಕ್ ಹೊಡೆದೇಬಿಟ್ಟ. ಪೇಟ, ಶಾಲು, ಹಾರದ ಸಮೇತ ಶಾಸಕರು ಹಿಂದೆ ಕುಳಿತರು. ಬೈಕಿನ ಮುಂದಿನ ಗಾಲಿ ಒಮ್ಮೆ ನೆಲ ಬಿಟ್ಟು ಎದ್ದು, ಮತ್ತೆ ಇಳಿಯಿತು.

ದಾರಿಯಲ್ಲಿ ಮಲಕಾಜಪ್ಪನ ತಲೆ ಎಂದೂ ಓಡದಷ್ಟು ಓಡಿತು. ಬಾಯಿಂದ ಹೇಳಲು ಬಿಡಲಿಲ್ಲ ತಾನೇ? ಕಣ್ಣಿಂದಲೇ ನೋಡಲಿ. ಕ್ರಾಸು ಹತ್ತಿರ ಬರುತ್ತಿದ್ದಂತೆ ಮೆಲ್ಲಗೆ ಕೈ ಇಳಿಸಿ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ತಿರುಗಿಸಿ ಬಂದ್ ಮಾಡಿದ. ಬೈಕು ನಾಲ್ಕು ಸಲ ಕೆಮ್ಮಿ, ಸರಿಯಾಗಿ ಕ್ರಾಸಿನ ಜಾಲಿ ಗಿಡದ ಬುಡದಲ್ಲಿ ನಿಂತಿತು.

"ಪೆಟ್ರೋಲ್ ಮುಗೀತ್ರಿ ಸಾಹೇಬ್ರ," ಎಂದ, ಮುಖವನ್ನು ಆದಷ್ಟು ಸಣ್ಣದು ಮಾಡಿಕೊಂಡು. "ಬಸ್ ಬರತೈತ್ರಿ. ನಮ್ಮ ಹುಡುಗ್ಯಾರು ದಿನಾ ಇಲ್ಲೇ ನಿಲ್ಲತಾರ."

ದೂರದಲ್ಲಿ ಧೂಳು ಎದ್ದು ಬಸ್ಸು ಕಾಣಿಸಿತು. ಶಾಸಕರು ತಾವೇ ರಸ್ತೆಯ ಅಂಚಿಗೆ ಹೋಗಿ ಕೈ ಅಡ್ಡ ಮಾಡಿದರು. ಬಸ್ಸು ನಿಧಾನವಾದಂತೆ ಮಾಡಿತು. ಕಂಡಕ್ಟರ್ ಬಾಗಿಲಿನಿಂದ ಹೊರಬಾಗಿ ಆ ಪೇಟ, ಶಾಲು, ಹಾರಗಳನ್ನು ಮೇಲಿಂದ ಕೆಳಗೆ ನೋಡಿದ.

"ಹಿಂದ ಖಾಲಿ ಗಾಡಿ ಬರಾಕತ್ತೈತ್ರೀ! ಮದುಮಗನ್ನ ಅದರಾಗ ಹತ್ತಸ್ರಿ! ರೈಟ್, ರೈಟ್!"

ಬಸ್ಸು ಹೋಯಿತು. ಧೂಳು ಶಾಸಕರ ಮೇಲೆ ಹೂವಿಗಿಂತ ದಪ್ಪಗೆ ಬಿತ್ತು.

"ಯಾರಿಗಂದಾ ಅಂವಾ ಮದುಮಗ ಅಂತ?" ಎಂದು ಶಾಸಕರು ಕೇಳಿದರು.

"ಹೋಗ್ಲಿ ಬಿಡ್ರಿ ಸಾಹೇಬ್ರ. ಹಿಂದ ಖಾಲಿ ಗಾಡಿ ಬರತೈತಂತಲ್ರಿ."

ಕಾದರು. ಕುರಿ ಹಿಂಡೊಂದು ಬಂತು. ಮೇವಿನ ಚಕ್ಕಡಿಯೊಂದು ಬಂತು. ಖಾಲಿ ಗಾಡಿ ಬರಲಿಲ್ಲ. ಬಿಸಿಲಿಗೆ ಹಾರದ ಹೂ ಬಾಡಿತು, ಹೊಟ್ಟೆಯೊಳಗೆ ಶ್ಯಾವಿಗೆ ಹೋಳಿಗೆಯ ಜೊತೆ ಜಗಳ ತೆಗೆಯಿತು. ಶಾಸಕರು ಕಲ್ಲೊಂದರ ಮೇಲೆ ಕುಳಿತು, ಬೇರೆಯದೇ ಧ್ವನಿಯಲ್ಲಿ ಕೇಳಿದರು.

"ಹುಡುಗ್ಯಾರಿಗೆ ದಿನಾ ಹಿಂಗ ಮಾಡತಾರೇನಪಾ?"

"ದಿನಾ ಹಿಂಗ ಐತ್ರಿ. ಹೋದ ವಾರ ನನ್ನ ಮಗಳಿಗೆ ಪರೀಕ್ಷಾನ ತಪ್ಪಿತು. ಮನಿಗೆ ಬಂದು ಒಂದ ಮಾತೂ ಆಡಲಿಲ್ರಿ, ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಲು." ಹೇಳುತ್ತ ಮಲಕಾಜಪ್ಪ ಬಸ್ಸು ಹೋದ ದಾರಿಯನ್ನೇ ನೋಡಿದ. ಆ ಗಳಿಗೆಯಲ್ಲಿ ಅವನು ತನ್ನ ನಿದ್ದೆಯನ್ನು ಮರೆತಿದ್ದ.

"ಮತ್ತ ಮುಂಜಾನಿಂದ ನನ್ನ ಹಿಂದ ಅಡ್ಡಾಡಿದಿ, ಯಾಕ ಹೇಳಲಿಲ್ಲೋ?"

"ನೀವು ಉಣ್ಣೂದ ಬಿಡಲಿಲ್ಲಲ್ರಿ!"

ಶಾಸಕರು ಅವನನ್ನೊಮ್ಮೆ ದುರುಗುಟ್ಟಿ ನೋಡಿ ಫೋನ್ ತೆಗೆದರು.

"ಯಾರ್ರೀ, ಡಿಪೋ ಮ್ಯಾನೇಜರ್ರಾ? ನಾ ಗೌರೀಶ ಮಾತಾಡೂದು... ಯಾವ ಗೌರೀಶಂದ್ರ? ನಿಮ್ಮ ಶಾಸಕ್ರೀ! ಎಲ್ಲಿದ್ದೇನಂತೀರಿ? ನಿಮ್ಮ ಖಾಲಿ ಗಾಡಿ ಕಾಯಕೋತ ಜಾಲಿ ಗಿಡದ ಬುಡಕ ಕುಂತೇನಿ! ಕೇಳ್ರಿ ಇಲ್ಲೆ. ಇವತ್ತ ಸಂಜಿಗೆ ತೆಗ್ಗಿನಕೊಪ್ಪಕ್ಕ ಬಸ್ ಹೋಗಬೇಕು. ನಸುಕಿನ್ಯಾಗ ಖಾಲಿ ಕಳಸೂದು ನುಕಸಾನ ಆಕ್ಕೈತಾ? ಹಂಗಾರ ವಸ್ತಿ ಬಸ್ ಮಾಡ್ರಿ. ಸಂಜಿಕ ಹೋಗಿ ಅಲ್ಲೇ ನಿಲ್ಲಲಿ, ಮುಂಜಾನೆ ಅಲ್ಲಿಂದನ ಹೊರಡಲಿ. ಈಗ ಹ್ವಾದ ಗಾಡಿ ಮಂದೀನ ಕಳಸ್ರಿ, ಅವರಿಗೆ ಊರ ದಾರಿ ಗೊತ್ತಾಗ್ಲಿ!"

ಮಲಕಾಜಪ್ಪ ಶಾಸಕರ ಕಾಲಿಗೇ ಬಿದ್ದ. ಅಷ್ಟರಲ್ಲಿ ಟ್ರ್ಯಾಕ್ಟರ್ ಸರಿದು ಶಾಸಕರ ಕಾರು ಬಂತು. ಅವರು ಹೊರಟ ಮೇಲೆ ಮಲಕಾಜಪ್ಪ ಕಾಕ್ ತಿರುಗಿಸಿ, ಒಂದೇ ಕಿಕ್ಕಿಗೆ ಬೈಕ್ ಚಾಲೂ ಮಾಡಿ, ಹಾಡು ಹೇಳುತ್ತ ಊರಿಗೆ ಬಂದ.

ಸಂಜೆ ತೆಗ್ಗಿನಕೊಪ್ಪದಲ್ಲಿ ನಿಂತ ನೆಲವೂ ಕುಣಿಯಿತು. ಹಲಗೆ ಬಡಿಯುವವರು ಬಡಿದರು, ಪಟಾಕಿ ಹೊಡೆಯುವವರು ಹೊಡೆದರು. ಬಸ್ಸು ಊರೊಳಗೆ ಬಂದಾಗ ಹೆಂಗಸರು ಆರತಿ ಬೆಳಗಿದರು, ಶಟ್ಟೆವ್ವ ಗಾಲಿಗೆ ತೆಂಗಿನಕಾಯಿ ಒಡೆದಳು. ಮಧ್ಯಾಹ್ನದ ಅದೇ ಕಂಡಕ್ಟರ್ ತಲೆ ತಗ್ಗಿಸಿ ಇಳಿದರೆ, ಮಕ್ತುಮಬಿ ಅವನ ಬಾಯಿಗೂ ಸಕ್ಕರೆ ಹಾಕಿದಳು. ರಾಣಿ ಗೆಳತಿಯರ ಜೊತೆ ಬಸ್ಸಿನೊಳಗೆ ಕುಳಿತು ಕಿಟಕಿಯಿಂದ ಕೈ ಬೀಸಿದಾಗ ಮಲಕಾಜಪ್ಪನ ಕಣ್ಣು ತುಂಬಿ ಬಂತು. ಜನ ಅವನ ಕೊರಳಿಗೆ ಹಾರ ಹಾಕಿ ಹೆಗಲ ಮೇಲೆ ಹೊತ್ತರು. ಮಹಮ್ಮದಗೌಸನ ಮೈಕು ಅವನ ಹೆಸರನ್ನು ಕಿತ್ತೂರಿಗೆ ಕೇಳಿಸುವಂತೆ ಕೂಗಿತು.

"ನಾಳಿಂದ ಸೂರ್ಯ ನೆತ್ತಿಗೆ ಬಂದ ಮ್ಯಾಲ ನನ್ನ ಎಬ್ಬಸು," ಎಂದು ಅವನು ಹೆಗಲ ಮೇಲಿಂದಲೇ ಹೆಂಡತಿಗೆ ಕೂಗಿ ಹೇಳಿದ.

ಆಗ ಡ್ರೈವರ್ ಹಾಸಿಗೆ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಬಂದ.

"ಅಲ್ರೀ, ವಸ್ತಿ ಬಸ್ ಅಂದ್ರ ನಮಗ ಮಲಗಾಕ ಒಂದು ಮನಿ ಊರಾವರ ಕೊಡಬೇಕ್ರಿ. ಇಲ್ಲಂದ್ರ ಗಾಡಿ ವಾಪಸ್ ಹೊಡಕೊಂಡು ಹೊಕ್ಕೇವಿ."

ಹಲಗೆ ನಿಂತಿತು. ಬಾಯವ್ವ ಮಹಮ್ಮದಗೌಸನ ಮುಖ ನೋಡಿದಳು, ಮಹಮ್ಮದಗೌಸ ಆಕಾಶ ನೋಡಿದ. ಮರುಕ್ಷಣ ಮೈಕು ಮೊಳಗಿತು.

"ಬಸ್ ತಂದ ಮಾನ ಯಾರದೋ, ವಸ್ತಿ ಮಾನ ಅವರದ! ನಮ್ಮ ಮಲಕಾಜಪ್ಪಣ್ಣಾರ ಪಡಸಾಲಿ ಇದ್ದಾಗ ಇನ್ನೊಬ್ಬರ ಮನಿ ಯಾಕ್ರೀ?"

ಊರೆಲ್ಲ ಚಪ್ಪಾಳೆ ತಟ್ಟಿತು. ಕೊರಳಲ್ಲಿ ಹಾರ ಹಾಕಿಕೊಂಡು, ನಾಲ್ಕು ಜನರ ಹೆಗಲ ಮೇಲೆ ಕುಳಿತವನು ಆಗುವುದಿಲ್ಲ ಎನ್ನುವುದು ಹೇಗೆ? ಇರಲಿ, ಮಲಗುವವರು ಅವರ ಪಾಡಿಗೆ ಮಲಗಲಿ ಎಂದುಕೊಂಡು ಮಲಕಾಜಪ್ಪ ನಗುತ್ತ ತಲೆಯಾಡಿಸಿದ.

ಊಟ ಮುಗಿಸಿ ಪಡಸಾಲೆಯಲ್ಲಿ ಹಾಸಿಗೆ ಬಿಚ್ಚುತ್ತ ಡ್ರೈವರ್ ಹೇಳಿದ.

"ಅಣ್ಣಾರ, ನನಗ ಗಡಿಯಾರ ಬಡದ್ರೂ ಎಚ್ಚರ ಆಗಂಗಿಲ್ರಿ. ಕೈ ಹಿಡದು ಅಳ್ಳಾಡಿಸೇ ಎಬ್ಬಸಬೇಕು. ಜಳಕಕ್ಕ ನೀರು ಕಾಸಿ, ಒಂದು ಕಪ್ ಚಾ ಇಟ್ಟು ಎಬ್ಬಸ್ರಿ. ಇಂವಾ ಕಂಡಕ್ಟರ್ ನನಕಿಂತಾ ಜಬರದಸ್ತ್ ಮಲಗತಾನು."

"ಎಷ್ಟಕ್ಕ ಎಬ್ಬಸಬೇಕ್ರಿ?" ಎಂದು ಮಲಕಾಜಪ್ಪ ತನ್ನ ದಿಂಬನ್ನು ಎದೆಗೆ ಅವಚಿಕೊಂಡು ಕೇಳಿದ.

"ಭಾಳ ಲಗೂ ಬ್ಯಾಡ್ರಿ. ನಾಕಕ್ಕ ಎಬ್ಬಿಸಿದ್ರ ಆತು."

ಒಳಗಿನಿಂದ ರಾಣಿ ಖುಷಿಯಿಂದ ಕೂಗಿದಳು. "ಅಪ್ಪಾ, ಬಸ್ ಬಾಗಲದಾಗ ಐತಿ, ನಾ ಆರಾಮ ಮಲಗತೇನಿ. ಅವರನ್ನ ಎಬ್ಬಿಸಿದ ಮ್ಯಾಲ ಒಂದ ತಾಸು ಬಿಟ್ಟು ನನ್ನೂ ಎಬ್ಬಸು, ಮರೀಬ್ಯಾಡ!"