ಕೆಂಪು ಚೆಂಡು, ನೀಲಿ ಚೆಂಡು ಮತ್ತು ನನ್ನ ಬಾಯಿ

ನನ್ನ ಹೆಂಡತಿ ಯಾವ ಕಾಲೇಜಿನಲ್ಲಿ ಎಂ.ಎ. ಓದಬೇಕೆಂಬುದನ್ನು ನಾನೇ ನಿರ್ಧರಿಸುತ್ತೇನೆಂದು ಒಂದು ಭಾನುವಾರ ಘೋಷಿಸಿದೆ. ಓದುವವಳು ಅವಳೇ, ನಿಜ. ಆದರೆ ವಿಷಯ ಯಾವುದು? ಮಕ್ಕಳಿಗೆ ಮಾತು ಕಲಿಸುವ ಶಿಕ್ಷಕರ ತರಬೇತಿ! ಇಷ್ಟು ವರ್ಷ ಬಾಯಿಂದಲೇ ವಿಮೆ ಮಾರಿದವನ ಮನೆಯಲ್ಲಿ ಮಾತಿಗೆ ಬೇರೆ ತಜ್ಞರು ಬೇಕೆ? ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಾನು ಬೆಳ್ಳಿ ವ್ಯಾಪಾರಿ.

"ಎರಡು ಕಾಲೇಜಿದೆ. ನಂಗೆ..." ಎಂದು ಅವಳು ಶುರು ಮಾಡಿದಳು.

"ಹೊಸ ಕಟ್ಟಡದ್ದೇ ಬೇಕು, ಗೊತ್ತು! ಲಿಫ್ಟಿದೆ, ಕ್ಯಾಂಟೀನಿದೆ, ಗಾಡಿ ನಿಲ್ಸೋಕೆ ನೆರಳಿದೆ."

"ಅಲ್ಲಿ ಬರೀ ಪುಸ್ತಕ ಓದಿಸ್ತಾರೆ ರೀ. ಹಳೇ ಕಾಲೇಜಲ್ಲಿ ಮೊದಲನೇ ದಿನದಿಂದ್ಲೇ ಮಕ್ಕಳ ಜೊತೆ ಕೂರಿಸ್ತಾರೆ."

"ಅಲ್ಲಿನ ಮೆಟ್ಟಿಲು ನೋಡಿದ್ಯಾ? ನಿನ್ನ ಮಂಡಿ ಗತಿ ಏನು?"

ಅವಳ ಮಂಡಿಗೆ ಏನೂ ಆಗಿರಲಿಲ್ಲ. ನೋಯುತ್ತಿದ್ದದ್ದು ನನ್ನದು.

ಅವಳು ಪಾಠ ಮಾಡುವ ಶಾಲೆಯವರು ಓದಿಗೆ ರಜೆ ಕೊಡಲು ಒಪ್ಪಿದ್ದು ಈ ವರ್ಷವೇ ಸೇರಿದರೆ ಮಾತ್ರ. ಹಳೇ ಕಾಲೇಜಿನಲ್ಲಿ ಉಳಿದಿದ್ದು ಒಂದೇ ಸೀಟು. ಅದಕ್ಕೆ ಮಗುವೊಂದನ್ನು ಕರೆದೊಯ್ದು, ಮುಖ್ಯಸ್ಥರೆದುರು ಪಾಠ ಮಾಡಿ ತೋರಿಸಬೇಕಿತ್ತು. ಹೆಂಡತಿ ಕೆಳಗಿನ ಮನೆಯಲ್ಲಿರುವ ತನ್ನ ತಂಗಿಯ ಮಗಳಾದ ಗುಬ್ಬಿಯನ್ನು ಹೊರಡಿಸಿದಳು. ನಾಲ್ಕು ವರ್ಷದ ಗುಬ್ಬಿ ಗೊಂಬೆಯ ಕಿವಿಯಲ್ಲಿ ಏನೇನೋ ಪಿಸುಗುಟ್ಟುತ್ತಾಳೆ, ಮನುಷ್ಯರಿಗೆ ಮಾತ್ರ ಬರೀ ತಲೆಯಾಡಿಸುತ್ತಾಳೆ. "ಅವಳ ಪಾಲಿನ ಮಾತನ್ನೂ ನೀವೇ ಆಡಿ ಮುಗಿಸ್ತೀರಿ" ಎಂಬುದು ನನ್ನ ಹೆಂಡತಿಯ ಸಂಶೋಧನೆ. ಶುದ್ಧ ಅಪವಾದ! ಮಗು ಲೋಟ ನೋಡಿ ಮುಖ ಸಿಂಡರಿಸಿದರೆ, "ಗುಬ್ಬಿಗೆ ಹಾಲು ಬೇಡ್ವಂತೆ" ಎನ್ನುತ್ತೇನೆ. ಇದು ಉಪಕಾರವಲ್ಲವೆ?

ಧೈರ್ಯ ತುಂಬಲು ನಾನೂ ಹೋದೆ. ಯಾರೂ ಕರೆದಿರಲಿಲ್ಲ.

ಮುಖ್ಯಸ್ಥೆ ಮೂಲೆಯಲ್ಲಿ ಕುಳಿತರು. ನನ್ನ ಹೆಂಡತಿ ಪುಟ್ಟ ಮೇಜಿನಾಚೆ ಕುಳಿತು ಎರಡು ಚೆಂಡು ಹಿಡಿದಳು. "ಗುಬ್ಬೀ, ನಿಂಗೆ ಯಾವುದು ಬೇಕು?" ಎಂದು ಕೇಳಿ ಸುಮ್ಮನಾದಳು. ಮಗು ಸುಮ್ಮನಿತ್ತು. ಇವಳೂ ಸುಮ್ಮನಿದ್ದಳು. ಕಾಯುವುದೇ ಪಾಠವಂತೆ! ಫ್ಯಾನು ತಿರುಗುತ್ತಿತ್ತು. ನನ್ನ ನಾಲಿಗೆ ತುರಿಸತೊಡಗಿತು. ಇಂಥ ಮೌನದಲ್ಲಿ ಎಷ್ಟು ಪಾಲಿಸಿ ಮಾರಬಹುದಿತ್ತು!

"ಕೆಂಪು ಬೇಕಂತೆ!" ಎಂದೆ.

"ಸರ್, ನಿಮ್ಮನ್ನ ಕೇಳ್ಲಿಲ್ಲ," ಎಂದರು ಮುಖ್ಯಸ್ಥೆ. ಹೆಂಡತಿಯ ಕಡೆ ತಿರುಗಿ, "ಇನ್ನೊಂದ್ಸಲ ನೋಡೋಣ ಅಮ್ಮ. ಮಗು ತಾನಾಗಿ ಹೇಳ್ದಿದ್ರೆ ಸೀಟು ಕೊಡೋದು ಕಷ್ಟ."

ಹೆಂಡತಿ ನನ್ನತ್ತ ಒಂದು ನೋಟ ಬೀರಿದಳು. ಆ ನೋಟಕ್ಕೆ ಯಾವ ವಿಮೆಯೂ ಇಲ್ಲ. ನಾನು ಎರಡೂ ಕೈಗಳ ಮೇಲೆ ಕುಳಿತೆ. ಆದರೆ ನಾಲಿಗೆ ಇರುವುದು ಕೈಯಲ್ಲಿ ಅಲ್ಲವಲ್ಲ!

ಮತ್ತೆ ಚೆಂಡು, ಮತ್ತೆ ಪ್ರಶ್ನೆ, ಮತ್ತೆ ಫ್ಯಾನು. ಗುಬ್ಬಿಯ ತುಟಿ ಅಲುಗಿತು. ಪಾಪ, ಕಷ್ಟಪಡುತ್ತಿದೆ ಮಗು!

"ಕೆಂ..." ಎಂದೆನಷ್ಟೆ.

ಗುಬ್ಬಿ ಮೇಜು ಗುದ್ದಿದಳು. "ದೊಡ್ಡಪ್ಪಾ, ನೀನು ಸುಮ್ನಿರು! ನಂಗೆ ನೀಲಿ ಬೇಕು!"

ಹೆಂಡತಿಯ ಕಣ್ಣು ತುಂಬಿತು. ನಿಜ ಹೇಳುತ್ತೇನೆ, ನನ್ನದೂ ತುಂಬಿತು. ಮಗುವಿನ ದನಿ ಎಷ್ಟು ಚೆನ್ನಾಗಿತ್ತು!

"ಸೀಟು ನಿಮ್ದೇ ಅಮ್ಮ," ಎಂದರು ಮುಖ್ಯಸ್ಥೆ. "ಇಲ್ಲಿಗೇ ಸೇರ್ತೀರೋ, ಆ ಹೊಸ ಕಾಲೇಜಿಗೋ?"

"ಅಲ್ಲಿ ಲಿಫ್ಟು..." ನಾನು ಬಾಯಿ ತೆರೆದೆ.

"ನೀವು ಸುಮ್ನಿರಿ," ಎಂದಳು ಹೆಂಡತಿ. "ನಂಗೆ ಇದೇ ಬೇಕು."

ಮುಖ್ಯಸ್ಥೆ ನಕ್ಕು ನನ್ನತ್ತ ನೋಡಿದರು. "ಪಾಪ, ಸರ್‌ಗೆ ಏನಾದ್ರೂ ಹೇಳೋದಿದ್ಯಾ?"

ನಾನೂ ಗುಬ್ಬಿಯ ಹಾಗೆ ಬರೀ ತಲೆಯಾಡಿಸಿದೆ.

ನೀಲಿ ಚೆಂಡನ್ನು ಅವುಚಿಕೊಂಡು ಗುಬ್ಬಿ ಎಲ್ಲರಿಗೂ ತಿಳಿಸಿದಳು: "ದೊಡ್ಡಪ್ಪಂಗೆ ಏನೂ ಬೇಡ್ವಂತೆ."