ಗ್ಯಾರೇಜಿನ ಘಾಟು

ಮೂಗಿನ ವಿಷಯದಲ್ಲಿ ನನಗೆ ಕೊಂಚ ಜಂಬ. ಎಲ್ಲಿ ಏನು ಸೀದರೂ ಮೊದಲು ಗೊತ್ತಾಗುವುದು ನನಗೇ. ನಾವಿರುವ, ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ಎಲ್ಲರ ಮನೆಯ ಕಿಟಕಿಯೂ ಮುಚ್ಚಿರುವುದರಿಂದ ಈ ವಿದ್ಯೆಗೆ ಹೊರಗೆ ಬೇಡಿಕೆಯಿಲ್ಲ. ಅಷ್ಟನ್ನೂ ನಮ್ಮ ಯಜಮಾನರ ಮೇಲೆ ಪ್ರಯೋಗಿಸುತ್ತೇನೆ. ಅವರಿಗೆ ಅಂಗಡಿಯ ಸಾರಿನ ಪುಡಿ ಸೇರದು. ಬ್ಯಾಡಗಿ ಮೆಣಸಿನಕಾಯಿ ಹುರಿಯಲು ನಿಂತರೆ ಸ್ಮೋಕ್ ಅಲಾರಂ ಕೂಗುತ್ತದೆ, ಅದಕ್ಕಿಂತ ಮೊದಲು ನಾನು ಕೂಗುತ್ತೇನೆ. ಹೀಗಾಗಿ ಒಲೆ, ಬಾಣಲೆ, ಯಜಮಾನರು ಮೂವರೂ ಗ್ಯಾರೇಜಿಗೆ ವರ್ಗವಾಗಿ, ನನ್ನ ಕಾರು ಹೊರಗೆ ಡ್ರೈವ್‌ವೇಗೆ ಬಂದಿದೆ.

ಮಗಳು ಅನಘಾ ಶಿಕಾಗೋದಲ್ಲಿ ಕಲೆ ಓದುತ್ತಾಳೆ. ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಗಾಳಿಯನ್ನು ತೋರಿಸುತ್ತೇನೆ ಎಂದಾಗ, ಅದಕ್ಕೆ ಒಂದು ಫ್ಯಾನ್ ಸಾಲದೇ ಎಂದಿದ್ದೆ. ಕಾಲೇಜಿಗೆ ಹೋಗಿ ನೋಡಿದ ಮೇಲೆ ಆ ಮಾತು ಹಿಂತೆಗೆದುಕೊಂಡೆ. ಮಬ್ಬುಗತ್ತಲೆಯ ಕೋಣೆಯಲ್ಲಿ ಒಳಗೆ ದೀಪವಿರುವ, ತೆಳು ಬಟ್ಟೆಯ ಬಿಳಿ ಬುಟ್ಟಿಗಳು ತೂಗುತ್ತಿದ್ದವು. ಒಂದೊಂದೂ ಒಂದೊಂದು ಊರಿನದು. ಆ ಊರಿನಲ್ಲಿ ಯಾರದೋ ಮನೆಗೆ ಅವಳು ಸಿಕ್ಕಿಸಿ ಬಂದಿದ್ದ ಸೆನ್ಸರ್ ಆ ಕ್ಷಣದ ಗಾಳಿಯನ್ನು ಅಳೆದು ಕಳಿಸಿದಂತೆಲ್ಲ ಇಲ್ಲಿ ಬುಟ್ಟಿ ಉಸಿರಾಡುತ್ತಿತ್ತು. ಗಾಳಿ ಚೆನ್ನಾಗಿದ್ದರೆ ಬೆಳ್ಳಗೆ, ನಿಧಾನವಾಗಿ. ಕೆಟ್ಟಿದ್ದರೆ ಕೆಂಪೇರಿ ಏದುಸಿರು. ಕೆಳಗಿನ ಹಿಡಿಯನ್ನು ಮುಟ್ಟಿದರೆ ಆ ಉಸಿರು ಅಂಗೈಗೆ ತಾಗುತ್ತಿತ್ತು. ಹೆದ್ದಾರಿ ಪಕ್ಕದ ಒಂದು ಊರಿನದನ್ನು ಹಿಡಿದೆ. ಜ್ವರ ಬಂದ ಮಗುವಿನ ಎದೆಯ ಮೇಲೆ ಕೈಯಿಟ್ಟಂತಾಗಿ, ಬಿಡಲು ಮನಸ್ಸೇ ಬರಲಿಲ್ಲ. ಇದನ್ನು ನನ್ನ ಮಗಳು ಮಾಡಿದಳೇ ಎಂದು ಹೆಮ್ಮೆಯಾಯಿತು.

ಅಂದು ಪ್ರೊಫೆಸರ್ ಬಂದು ನೋಡಿ ಅಂಕ ಕೊಡುವ ದಿನ. ಆಕೆ ಒಳಗೆ ಕಾಲಿಡುವುದಕ್ಕೂ, ನಮ್ಮ ಗ್ಯಾರೇಜಿನ ಸೆನ್ಸರಿಗೆ ಸೇರಿದ ವುಡ್‌ರಿಡ್ಜ್ ಬುಟ್ಟಿ ಕೆಂಡದಂತಾಗಿ ಒದ್ದಾಡುವುದಕ್ಕೂ ಸರಿಹೋಯಿತು. ಹೆದ್ದಾರಿಯದೂ ಅಷ್ಟು ಕೆಂಪಾಗಿರಲಿಲ್ಲ. ಸೆನ್ಸರ್ ಕೆಟ್ಟಿರಬೇಕು, ಹಾಗಾದರೆ ಉಳಿದವನ್ನು ನಂಬುವುದು ಹೇಗೆ ಎಂದು ಪ್ರೊಫೆಸರ್ ಕೇಳಿದರು. ಅನಘಾಳ ಮುಖ ಬಿಳುಚಿಕೊಂಡಿತು. ನನಗೆ ಮಾತ್ರ ಅಷ್ಟು ದೂರದಿಂದಲೇ ವಾಸನೆ ಬಂತು. ಸಂಜೆ ಮಗಳ ಸ್ನೇಹಿತರಿಗೆ ಬಿಸಿಬೇಳೆಬಾತ್ ಮಾಡುತ್ತೇನೆಂದು ಮನೆಯಲ್ಲೇ ಉಳಿದಿದ್ದ ಯಜಮಾನರಿಗೆ ಫೋನ್ ಮಾಡಿದೆ. ಕೆಮ್ಮುತ್ತಲೇ ಎತ್ತಿಕೊಂಡರು.

"ರೀ, ಮೊದಲು ಒಲೆ ಆಫ್ ಮಾಡಿ. ನಿಮ್ಮ ಮೆಣಸಿನಕಾಯಿ ಇಲ್ಲಿ ಶಿಕಾಗೋದಲ್ಲಿ ಕಾಣ್ತಿದೆ."

ಒಲೆ ಆರಿತು. ಎಲ್ಲರೂ ನೋಡುತ್ತಿದ್ದಂತೆ ಕೆಂಪು ಇಳಿದು, ಬುಟ್ಟಿ ಸಾವಕಾಶವಾಗಿ ಉಸಿರಾಡತೊಡಗಿತು. ಅನಘಾ ಅಪ್ಪನ ಬಾಣಲೆಯ ಕಥೆ ಹೇಳಿ, ಇದಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಪದವಿಲ್ಲ, ನಮ್ಮ ಮನೆಯಲ್ಲಿ 'ಘಾಟು' ಎನ್ನುತ್ತೇವೆ ಎಂದಳು. ಪ್ರೊಫೆಸರ್ ಗಾಟು, ಗಾಟು ಎಂದು ನಾಲಿಗೆಗೆ ರೂಢಿ ಮಾಡಿಕೊಂಡು, ಹಾಗಾದರೆ ಸೆನ್ಸರ್ ಕೆಟ್ಟಿಲ್ಲ, ಬಹಳ ಚೆನ್ನಾಗಿದೆ ಎಂದು ನಕ್ಕರು. ಧೈರ್ಯ ಬಂದು ನಾನು, ನಮ್ಮವರ ಸಾರಿನ ಪುಡಿಯಿಂದ ಇಲಿನಾಯ್ ರಾಜ್ಯಕ್ಕೆ ಆಗುತ್ತಿರುವ ಹಾನಿಯನ್ನು ಸವಿಸ್ತಾರವಾಗಿ ವರ್ಣಿಸಿದೆ.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಗೋಡೆಯ ಮೇಲಿನ ಚಕ್ರ ತಿರುಗಿಸಿದರೆ ಹಿಂದಿನ ದಿನಗಳ ಉಸಿರೂ ಕಾಣುತ್ತದಂತೆ. ಪ್ರೊಫೆಸರ್ ಕುತೂಹಲದಿಂದ ತಿರುಗಿಸಿದರು. ಘಾಟು ಎಲ್ಲೋ ಅಪರೂಪಕ್ಕೆ. ಆದರೆ ಆಫೀಸಿರುವ ದಿನ ಬೆಳಗಾದರೆ ಸಾಕು, ನಮ್ಮ ಬುಟ್ಟಿ ತಪ್ಪದೆ ಕೆಂಪಾಗುತ್ತಿತ್ತು. ಇದೂ ಅಡುಗೆಯೇ ಎಂದು ಕೇಳಿದರು. ಅನಘಾ ನನ್ನ ಕಡೆ ತಿರುಗಿದಳು.

"ಅಮ್ಮಾ, ದ್ಯಾಟ್ಸ್ ಯು. ಯುವರ್ ರಿಮೋಟ್ ಸ್ಟಾರ್ಟ್."

ನಿಜ. ಹಾಸಿಗೆಯಿಂದಲೇ ರಿಮೋಟಿನಲ್ಲಿ ಕಾರು ಸ್ಟಾರ್ಟ್ ಮಾಡಿ, ಸ್ನಾನ, ಕಾಫಿ, ಮೈಸೂರಿನ ಅಕ್ಕನ ಜೊತೆ ಮಾತು ಮುಗಿಯುವವರೆಗೆ ಸೀಟು ಬೆಚ್ಚಗಾಗಲಿ ಎಂದು ಬಿಟ್ಟಿರುತ್ತೇನೆ. ಸೆನ್ಸರ್ ಇದ್ದದ್ದು ಗ್ಯಾರೇಜ್ ಬಾಗಿಲ ಪಕ್ಕದಲ್ಲಿ, ಕಾರಿನ ಹೊಗೆಕೊಳವೆಯ ಎದುರಿಗೇ. ಊರಿನ ಹೊಗೆಯನ್ನೆಲ್ಲ ಹಿಡಿಯುವ ನನ್ನ ಮೂಗಿಗೆ ಅದೊಂದು ಮಾತ್ರ ಗೊತ್ತಾಗಿರಲಿಲ್ಲ.

ಮಗಳಿಗೆ ಒಳ್ಳೆಯ ಅಂಕ ಬಂತು. ನಾನು ರಿಮೋಟನ್ನು ಡ್ರಾಯರಿಗೆ ಹಾಕಿದೆ. ಈಗ ಮಂಜುಗಡ್ಡೆಯಂಥ ಸೀಟಿನಲ್ಲಿ ಹಲ್ಲು ಕಟಕಟಿಸುತ್ತಾ ಕೂತಾಗ, ಯಜಮಾನರು ಗ್ಯಾರೇಜಿನಿಂದ ಇಣುಕಿ, ಬಾಣಲೆ ಬಿಸಿಯಿದೆ, ಬಂದು ಕೈ ಕಾಯಿಸಿಕೋ ಎನ್ನುತ್ತಾರೆ. ಹೋಗಿ ಕಾಯಿಸಿಕೊಳ್ಳುತ್ತೇನೆ. ಸೀನು ಬರುತ್ತದೆ, ಸೀನುತ್ತೇನೆ. ಈಗ ಕೂಗುವುದಿಲ್ಲ.